ಫ್ಲೋರೈಡ್ ಹಿಡಿಯುವ ಬಿಳಿ ಹರಳು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಆಳದ ಬೋರ್‌ವೆಲ್ ನೀರನ್ನು ಲೋಟಕ್ಕೆ ಹಿಡಿದು ನೋಡಿದರೆ ಯಾವ ದೋಷವೂ ಕಾಣದು. ನೀರು ತಿಳಿಯಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ಲೀಟರಿಗೆ ಮೂರು ನಾಲ್ಕು ಮಿಲಿಗ್ರಾಂ ಫ್ಲೋರೈಡ್ ಕರಗಿದ್ದರೂ ನಾಲಿಗೆಗೆ ತಿಳಿಯುವುದಿಲ್ಲ. ಹಾಗಾಗಿ ಫ್ಲೋರೈಡ್ ತೆಗೆಯುವ ಕೆಲಸ ಶುರುವಾಗಬೇಕಾದದ್ದು ಪರೀಕ್ಷೆಯಿಂದ. ಸಣ್ಣ ಗಾಜಿನ ನಳಿಕೆಗೆ ಗುರುತಿನವರೆಗೆ ನೀರು ತುಂಬಿ, ಕಿಟ್‌ನಲ್ಲಿರುವ ದ್ರಾವಣವನ್ನು ಅಳತೆಯಷ್ಟು ಹಾಕಿ ಅಲುಗಿಸುತ್ತಾರೆ. ಫ್ಲೋರೈಡ್ ಕಡಿಮೆಯಿದ್ದರೆ ಬಣ್ಣ ಗುಲಾಬಿಯಾಗಿಯೇ ಉಳಿಯುತ್ತದೆ. ಹೆಚ್ಚಿದಂತೆ ಹಳದಿಯತ್ತ ಸರಿಯುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದರೆ ಅಂದಾಜು ಸಿಗುತ್ತದೆ. ನಿಖರ ಅಂಕಿ ಬೇಕಿದ್ದರೆ ಪ್ರಯೋಗಾಲಯಕ್ಕೆ ಕಳಿಸಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ಕೀಲು ನೋವು, ಬಗ್ಗದ ಬೆನ್ನು, ಬಾಗಿದ ಕಾಲು. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವೈದ್ಯರು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ. ನೀರನ್ನು ಮೊದಲೇ ಸರಿಪಡಿಸಿಕೊಳ್ಳಬೇಕು ಎನ್ನುವುದು ಅದಕ್ಕೇ.

ಫ್ಲೋರೈಡ್ ಬರುವುದು ಬಂಡೆಯಿಂದ. ಗ್ರಾನೈಟಿನೊಳಗಿನ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಲ್ಲಿ ಅದು ಅಡಗಿದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತಿತ್ತು; ಸೋಡಾ ಅಂಶ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದ ಆಳದ ನೀರಿನಲ್ಲಿ ಹಾಗಾಗುವುದಿಲ್ಲ. ಕುದಿಸಿದರೂ ಪ್ರಯೋಜನವಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಉಳಿದ ನೀರಿನಲ್ಲೇ ಗಟ್ಟಿಗೊಳ್ಳುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವು ಮಣ್ಣಿಗೂ ರೋಗಾಣುಗಳಿಗೂ ಸರಿ, ಫ್ಲೋರೈಡಿಗಲ್ಲ.

ಅದನ್ನು ಹಿಡಿಯಬಲ್ಲ ವಸ್ತುಗಳಲ್ಲಿ ಮನೆಬಳಕೆಗೆ ಚೆನ್ನಾಗಿ ಒಗ್ಗಿದ್ದು ಆಕ್ಟಿವೇಟೆಡ್ ಅಲ್ಯುಮಿನಾ. ಅಲ್ಯುಮಿನಿಯಂನ ಹೈಡ್ರಾಕ್ಸೈಡನ್ನು ನೂರಾರು ಡಿಗ್ರಿ ಶಾಖದಲ್ಲಿ ಕಾಯಿಸಿದಾಗ ಅದರೊಳಗಿನ ನೀರಿನಂಶ ಹೊರಟುಹೋಗಿ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳು ಉಳಿಯುತ್ತವೆ. ಹಾಗೆ ಸಿಗುವುದೇ ಈ ಬಿಳಿ ಹರಳು. ಮನೆ ಫಿಲ್ಟರಿಗೆ ಬಳಸುವ ಹರಳಿನ ಗಾತ್ರ ಅರ್ಧದಿಂದ ಒಂದು ಮಿಲಿಮೀಟರ್. ಅಂಥ ಒಂದೇ ಒಂದು ಗ್ರಾಂ ಹರಳಿನ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಎರಡು ‘ಥರ್ಟಿ-ಫಾರ್ಟಿ’ ಸೈಟಿನಷ್ಟು ಜಾಗ ಬೇಕು. ಆ ಗೋಡೆಗಳ ಮೇಲೆ ಆಮ್ಲಜನಕ-ಜಲಜನಕದ ಜೋಡಿಗಳು ಕೂತಿರುತ್ತವೆ. ನೀರಿನೊಂದಿಗೆ ಬಂದ ಫ್ಲೋರೈಡ್ ಅವನ್ನು ಎಬ್ಬಿಸಿ ತಾನು ಆ ಜಾಗ ಹಿಡಿಯುತ್ತದೆ.

ಇದನ್ನು ಆಧರಿಸಿದ ಮನೆ ಫಿಲ್ಟರನ್ನು ಯುನಿಸೆಫ್ ನೆರವಿನಲ್ಲಿ ಐಐಟಿ ಕಾನ್ಪುರದವರು ರೂಪಿಸಿದರು. ಆಂಧ್ರ, ರಾಜಸ್ಥಾನದ ಹಳ್ಳಿಗಳಲ್ಲಿ ಅದರ ಪ್ರಯೋಗ ನಡೆಯಿತು. ಕರೆಂಟೂ ಬೇಡ, ಪಂಪೂ ಬೇಡ. ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಮೇಲಿನದರಲ್ಲಿ ಮೂರು ಕೆಜಿಯಿಂದ ಐದು ಕೆಜಿ ಹರಳು, ಕೆಳಗಿನದಕ್ಕೆ ನಲ್ಲಿ. ಹರಳಿನ ಮೇಲೊಂದು ತೂತಿನ ತಟ್ಟೆ ಇಡುತ್ತಾರೆ. ಕೊಡದಿಂದ ಒಮ್ಮೆಲೇ ಸುರಿದ ನೀರು ಹರಳಿನ ಹಾಸನ್ನು ಕೊರೆದು ಒಂದೇ ದಾರಿ ಮಾಡಿಕೊಂಡುಬಿಟ್ಟರೆ ಉಳಿದ ಹರಳು ಕೆಲಸವಿಲ್ಲದೆ ಬಿದ್ದಿರುತ್ತದೆ. ತಟ್ಟೆ ನೀರನ್ನು ಎಲ್ಲ ಕಡೆಗೂ ಹಂಚುತ್ತದೆ. ತಳದ ಕಿಂಡಿಯನ್ನು ಗಂಟೆಗೆ ಸುಮಾರು ಹತ್ತು ಲೀಟರ್ ಮಾತ್ರ ಇಳಿಯುವಷ್ಟು ಸಣ್ಣದಾಗಿ ಮಾಡಿರುತ್ತಾರೆ. ಈ ನಿಧಾನ ಬೇಕೇ ಬೇಕು: ಫ್ಲೋರೈಡ್ ಹರಳಿನ ಮೈಗೆ ತಾಗಿದರೆ ಸಾಲದು, ರಂಧ್ರಗಳ ಒಳಗಿನವರೆಗೂ ಹೋಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಹುಳಿ ಸ್ವಲ್ಪ ಇರುವ ನೀರಿನಲ್ಲಿ ಹರಳಿನ ಶಕ್ತಿ ಅತಿ ಹೆಚ್ಚು. ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್ ಕೂಡ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಮನೆಯಲ್ಲಿ ಯಾರೂ ದಿನಾ ಆಸಿಡ್ ಬೆರೆಸಿ ನೀರು ತಯಾರಿಸಲಾರರು; ಇದ್ದ ನೀರಿನಲ್ಲಿ ಹರಳು ಎಷ್ಟು ದುಡಿಯುತ್ತದೋ ಅಷ್ಟೇ. ದಿನಕ್ಕೆ 20 ಲೀಟರ್ ಬಳಸುವ ಮನೆಯಲ್ಲಿ, ನೀರಿನಲ್ಲಿ 4 ಮಿಲಿಗ್ರಾಂ ಇದ್ದರೆ, ಮೂರು ಕೆಜಿ ಹರಳು ಸುಮಾರು ಎರಡು ಮೂರು ತಿಂಗಳು ಬಾಳುತ್ತದೆ. ಜಾಗವೆಲ್ಲ ತುಂಬಿದ ಮೇಲೆ ನೀರು ಒಳಬಂದಂತೆಯೇ ಹೊರಹೋಗುತ್ತದೆ. ಆಗಲೂ ನೋಟದಲ್ಲಿ, ರುಚಿಯಲ್ಲಿ ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಫಿಲ್ಟರಿನಿಂದ ಇಳಿದ ನೀರನ್ನೂ ಆಗಾಗ ಅದೇ ಗುಲಾಬಿ ದ್ರಾವಣದಲ್ಲಿ ಪರೀಕ್ಷಿಸಬೇಕು.

ನನಗೆ ಬಹಳ ಮೆಚ್ಚುಗೆಯಾಗುವುದು ದಣಿದ ಹರಳಿಗೆ ಮತ್ತೆ ಶಕ್ತಿ ತುಂಬುವ ಕೆಲಸ. ಹರಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ನೂರು ಲೀಟರಿಗೆ ಒಂದು ಕೆಜಿಯ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಎಂಟು ಗಂಟೆ ಮುಳುಗಿಸಿಡುತ್ತಾರೆ, ನಡುನಡುವೆ ಅಲ್ಲಾಡಿಸುತ್ತಾರೆ. ತೀಕ್ಷ್ಣವಾದ ಕ್ಷಾರದಲ್ಲಿ ಹರಳು ತಾನು ಹಿಡಿದ ಫ್ಲೋರೈಡನ್ನು ಬಿಟ್ಟುಕೊಡುತ್ತದೆ. ಚೆನ್ನಾಗಿ ತೊಳೆದ ಮೇಲೆ ಚೀಲವನ್ನು ತೆಳುವಾದ ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಇನ್ನೆಂಟು ಗಂಟೆ ಇಡಬೇಕು. ಒಳಗೆ ಉಳಿದ ಕ್ಷಾರ ಸತ್ತು, ಹರಳಿನ ಮೈ ಮತ್ತೆ ಫ್ಲೋರೈಡನ್ನು ಸೆಳೆಯುವ ಸ್ಥಿತಿಗೆ ಬರುತ್ತದೆ. ಕೊನೆಗೆ ಇಳಿಯುವ ನೀರು ಹುಳಿಯೂ ಅಲ್ಲ ಕ್ಷಾರವೂ ಅಲ್ಲ ಎನ್ನುವವರೆಗೆ ತೊಳೆಯಬೇಕು. ಇದನ್ನು ಕೈಗವಸು, ಕನ್ನಡಕ ಹಾಕಿಕೊಂಡು, ಆಸಿಡ್ಡಿಗೆ ನೀರು ಸುರಿಯದೆ ನೀರಿಗೇ ಆಸಿಡ್ಡನ್ನು ಸ್ವಲ್ಪಸ್ವಲ್ಪ ಸೇರಿಸುತ್ತ, ತರಬೇತಿ ಪಡೆದವರು ಮಾಡಬೇಕು. ಅಡುಗೆಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಊರಿಗೊಂದು ಜಾಗ ಮಾಡಿ, ಹತ್ತಾರು ಮನೆಗಳ ಚೀಲಗಳನ್ನು ಒಟ್ಟಿಗೆ ತೊಳೆಯುವುದೇ ಸರಿಯಾದ ಕ್ರಮ. ತೊಳೆದ ನೀರನ್ನು ಮೋರಿಗೆ ಬಿಡುವಂತಿಲ್ಲ. ಅದಕ್ಕೆ ಸುಣ್ಣ ಬೆರೆಸಿದರೆ ಫ್ಲೋರೈಡ್ ಸುಣ್ಣದ ಕ್ಯಾಲ್ಸಿಯಂ ಜೊತೆ ಕೂಡಿ ತಳಕ್ಕೆ ಕೂರುತ್ತದೆ. ಹಾಗೆ ಕೂರುವುದು ಕ್ಯಾಲ್ಸಿಯಂ ಫ್ಲೋರೈಡ್, ಎಂದರೆ ಬಂಡೆಯೊಳಗಿನ ಫ್ಲೋರೈಟ್ ಎಂಬ ಖನಿಜವೇ.

ಹರಳು ಸಿಗದ ಕಡೆಗೆ ನಲ್ಗೊಂಡ ವಿಧಾನವಿದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಇದಕ್ಕೆ ಬೇಕಾದದ್ದು ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಕೂರಿಸಿದ ಬಕೆಟ್, ಸುಣ್ಣ, ಪಟಿಕ, ಚಿಟಿಕೆ ಬ್ಲೀಚಿಂಗ್ ಪೌಡರ್. ಫ್ಲೋರೈಡೂ ಕ್ಷಾರವೂ ಹೆಚ್ಚಿರುವ ನೀರಿಗೆ ಲೀಟರಿಗೆ ಅರ್ಧ ಗ್ರಾಮಿನಷ್ಟು ಪಟಿಕ ಬೇಕಾಗಬಹುದು. ಸುಣ್ಣ ಅದರ ಇಪ್ಪತ್ತರಲ್ಲೊಂದು ಪಾಲು. ಮೊದಲು ಜೋರಾಗಿ, ಆಮೇಲೆ ಹತ್ತು ನಿಮಿಷ ಮೆಲ್ಲಗೆ ಕದಡಬೇಕು. ಮೆಲ್ಲಗೆ ಕದಡಿದರೇ ಹತ್ತಿಯಂಥ ಗೆಡ್ಡೆಗಳು ಒಡೆಯದೆ ದೊಡ್ಡದಾಗುತ್ತವೆ, ಫ್ಲೋರೈಡನ್ನು ಹೊತ್ತು ಇಳಿಯುತ್ತವೆ. ಒಂದು ಗಂಟೆ ಬಿಟ್ಟು ತಿಳಿನೀರು ಹಿಡಿದುಕೊಳ್ಳುವುದು. ಪಟಿಕದ ಅಳತೆಯನ್ನು ಆಯಾ ನೀರಿನ ಪರೀಕ್ಷೆ ನೋಡಿಯೇ ತೀರ್ಮಾನಿಸಬೇಕು, ಇಲ್ಲವಾದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿದೀತು. ಈಗ ಊರೂರಲ್ಲಿರುವ ಶುದ್ಧ ನೀರಿನ ಘಟಕಗಳು ಆರ್‌ಒ ಪೊರೆಯಿಂದ ಫ್ಲೋರೈಡನ್ನು ತೆಗೆಯುತ್ತವೆ. ಆದರೆ ಬತ್ತುತ್ತಿರುವ ಬೋರಿನಿಂದ ಎತ್ತಿದ ನೀರಿನಲ್ಲಿ ದೊಡ್ಡ ಪಾಲನ್ನು ಉಪ್ಪುನೀರಾಗಿ ಚೆಲ್ಲುತ್ತವೆ ಎಂಬುದು ನನ್ನ ಕೊರಗು.

ಇಷ್ಟೆಲ್ಲ ಪಡಿಪಾಟಲು ಬೇಕೇ? ಬೆಂಗಳೂರಿನ ಕಾವೇರಿ ನೀರಿಗೆ, ಮಲೆನಾಡಿನ ತೆರೆದ ಬಾವಿಗೆ ಬೇಡ. ಅಮೆರಿಕದ ಅನೇಕ ಊರುಗಳಲ್ಲಿ ಹಲ್ಲು ಹುಳುಕಾಗದಿರಲೆಂದು ನಲ್ಲಿ ನೀರಿಗೆ ಲೀಟರಿಗೆ 0.7 ಮಿಲಿಗ್ರಾಂ ಆಗುವಂತೆ ಫ್ಲೋರೈಡ್ ಸೇರಿಸುತ್ತಾರೆ. ಅಲ್ಲಿನ ವಾದ-ವಿವಾದ ನಮ್ಮ ನಲ್ಲಿಗೆ ಅನ್ವಯಿಸುವುದಿಲ್ಲ. ಪರೀಕ್ಷೆಯಲ್ಲಿ 1.5 ದಾಟಿದ ಮನೆಗೆ ಮಾತ್ರ ಖಂಡಿತ ಬೇಕು. ಎಂಟು ವರ್ಷದೊಳಗಿನ ಮಕ್ಕಳಿದ್ದರಂತೂ ಒಂದು ದಿನವೂ ತಡಮಾಡಬಾರದು, ಏಕೆಂದರೆ ಶಾಶ್ವತ ಹಲ್ಲಿನ ಮೇಲ್ಪದರ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರೇ ಸಾಕು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಸೋಸಿದ್ದು. ಜೊತೆಗೆ ರಾಗಿ, ಹಾಲು, ಸೊಪ್ಪು ಊಟದಲ್ಲಿರಲಿ, ಕ್ಯಾಲ್ಸಿಯಂ ಕೊರತೆಯಿರುವ ಮೈಗೆ ಫ್ಲೋರೈಡಿನ ಪೆಟ್ಟು ಜಾಸ್ತಿ.

ಫಿಲ್ಟರ್ ಕೊಳ್ಳುವ ಮೊದಲು ಮಾಳಿಗೆಯ ಲೆಕ್ಕವನ್ನೂ ಹಾಕಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಊರಿನಲ್ಲೂ ಸಾವಿರ ಚದರಡಿ ಮಾಳಿಗೆಯಿಂದ ಸುಮಾರು 35 ಸಾವಿರ ಲೀಟರ್ ಹಿಡಿಯಬಹುದು. ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 7,300 ಲೀಟರ್. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಮರಳು-ಜಲ್ಲಿಯಲ್ಲಿ ಸೋಸಿ, ಬೆಳಕು ತಾಗದ ಐದು ಸಾವಿರ ಲೀಟರಿನ ತೊಟ್ಟಿಯಲ್ಲಿ ತುಂಬಿಸಿದರೆ ಬೇಸಿಗೆ ದಾಟುತ್ತದೆ, ಕುಡಿಯುವಾಗ ಕುದಿಸಿಕೊಂಡರಾಯಿತು. ತೊಟ್ಟಿಗೆ ಜಾಗವಿರುವವರಿಗೆ ನನ್ನ ಮೊದಲ ಸಲಹೆ ಇದೇ. ಜಾಗವಿಲ್ಲದ ಮನೆಗೆ ಹರಳಿನ ಫಿಲ್ಟರ್ ಸರಿ, ಆದರೆ ಕೊಳ್ಳುವ ದಿನವೇ ಹರಳನ್ನು ತೊಳೆದುಕೊಡುವವರು ಹತ್ತಿರದಲ್ಲಿ ಯಾರಿದ್ದಾರೆಂದು ವಿಚಾರಿಸಿಕೊಳ್ಳಬೇಕು.