ಲೆಕ್ಕದ ಹಾಳೆಯಲ್ಲಿ ಅಡಗಿದ ತಪ್ಪು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರಿಗೆ ಸಹಕಾರಿ ಸಂಘದ ಲೆಕ್ಕವು ಹೊಸತಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಸ್ಥಾಪಿತವಾಯಿತು. ಅಂದಿನ ಖಾತೆಪುಸ್ತಕಗಳ ಸ್ಥಾನದಲ್ಲಿ ಇಂದು ಗಣಕಯಂತ್ರವು ಕುಳಿತಿರುವುದನ್ನು ವಾಚಕರು ಬಲ್ಲರು. ಆದರೆ ಈ ಹೊಸ ಗುಮಾಸ್ತನಿಗೆ ಒಂದು ದುರಭ್ಯಾಸವುಂಟು: ಬರೆದುದನ್ನು ಕೇಳದೆಯೇ ತಿದ್ದುವುದು.

ಅಡಿಕೆಯ ಬೆಳೆವಿಮೆಗಾಗಿ ಒಂದು ಸಂಘದವರು ಸದಸ್ಯರ ಸರ್ವೆ ನಂಬರು, ಹಿಸ್ಸೆ, ಗುಂಟೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದು, ಒಂದು ಪ್ರೋಗ್ರಾಮಿನ ಮೂಲಕ ಜಾಲತಾಣದ ಡೇಟಾಬೇಸಿಗೆ ಸಾಗಿಸುವರೆಂದು ಭಾವಿಸೋಣ. 12/3 ಎಂದು ಬೆರಳಚ್ಚಿಸಿದೊಡನೆ ಎಕ್ಸೆಲ್ ಅದನ್ನು ಮಾರ್ಚ್ 12ನೆಯ ತಾರೀಖೆಂದು ಬಗೆಯುವುದು. ಬರೆದ ವರ್ಷವು 2025 ಆಗಿದ್ದರೆ, ಒಳಗೆ ಉಳಿಯುವುದು 45728 ಎಂಬ ದಿನಸಂಖ್ಯೆ. ಭಂಡಾರಕ್ಕೆ ತಲಪುವುದೂ ಅದೇ. ಆದರೆ 112/3 ಎಂಬುದು ಯಾವ ತಾರೀಖಿಗೂ ಹೊಂದದ ಕಾರಣ ಹಾಗೆಯೇ ಉಳಿಯುವುದು. ಹೀಗೆ ಕೆಲವು ಸಾಲುಗಳು ಸರಿ, ಕೆಲವು ತಪ್ಪು. ಯಂತ್ರವು ದೂರನ್ನೇ ಹೇಳದು. ಇಲ್ಲದ ಸರ್ವೆ ನಂಬರಿಗೆ ವಿಮೆಯ ಕಂತು ಕಟ್ಟಿದ ಕುಟುಂಬವು, ಕೊಳೆರೋಗದಿಂದ ಫಸಲು ಉದುರಿದ ವರ್ಷ ಪರಿಹಾರಕ್ಕಾಗಿ ಅಲೆಯಬೇಕಾದೀತು.

ಇಂತಹ ದೋಷವನ್ನು ಹುಡುಕುವ ಮಾರ್ಗವು ಸರಳವಾದುದು. ನೂರಾರು ಸಾಲುಗಳನ್ನು ಒಮ್ಮೆಗೇ ಕೆದಕಬಾರದು. ತಪ್ಪಿದ ಒಂದೇ ಸಾಲನ್ನು ಹಿಡಿದು, ಪಹಣಿಯಲ್ಲಿ, ಹಾಳೆಯಲ್ಲಿ, ಪ್ರೋಗ್ರಾಮು ಓದಿದಾಗ, ಕಡೆಗೆ ಭಂಡಾರದಲ್ಲಿ ಅದು ಹೇಗಿದೆಯೆಂದು ಕ್ರಮವಾಗಿ ನೋಡತಕ್ಕದ್ದು. ರೂಪವು ಮೊದಲು ಎಲ್ಲಿ ಕೆಟ್ಟಿತೋ ಅಲ್ಲಿಯೇ ರೋಗದ ಮೂಲ. ಮೇಲಿನ ನಿದರ್ಶನದಲ್ಲಿ ಪ್ರೋಗ್ರಾಮು ನಿರಪರಾಧಿ. ಹಾಳೆಯಲ್ಲಿಯೇ ಕೇಡು ಆಗಿಹೋಗಿದೆ. ಬರೆಯುವ ಮೊದಲೇ ಆ ಅಂಕಣವನ್ನು ‘ಅಕ್ಷರ’ವೆಂದು ಗೊತ್ತುಪಡಿಸಬೇಕು, ಬರೆದ ಮೇಲೆ ಬದಲಾಯಿಸಿದರೆ 45728 ಮಾತ್ರ ಕಾಣುವುದು. ಬ್ಯಾಂಕಿನ ಖಾತೆಸಂಖ್ಯೆಗೂ ಇದೇ ಚಿಕಿತ್ಸೆ. ಇಲ್ಲದಿದ್ದರೆ ಮೊದಲಿನ ಸೊನ್ನೆಗಳು ಹಾರಿಹೋಗುವುವು, 15 ಅಂಕಿಗಳಾಚೆಗಿನವು ಸೊನ್ನೆಯಾಗುವುವು.

ಹಾಗೆಂದು ಪ್ರೋಗ್ರಾಮಿಗೆ ಕರ್ತವ್ಯವಿಲ್ಲವೆಂದಲ್ಲ. ಹಿಸ್ಸೆಯ ಅಂಕಣದಲ್ಲಿ ತಾರೀಖು ಕಂಡರೆ ಅದು ಊಹೆಗೆ ಹೋಗದೆ, ಇಂತಹ ಸಾಲಿನಲ್ಲಿ ತಪ್ಪಿದೆಯೆಂದು ಹೇಳಿ ನಿಲ್ಲಬೇಕು. ಸೇರಿದರೆ ಎಲ್ಲ ಸಾಲುಗಳೂ ಸೇರಬೇಕು, ಇಲ್ಲವಾದರೆ ಒಂದೂ ಸೇರಬಾರದು. ಅರ್ಧ ಸೇರಿದ ಲೆಕ್ಕವು ತಪ್ಪು ಲೆಕ್ಕಕ್ಕಿಂತಲೂ ಅಪಾಯಕರ. ಕಡೆಯಲ್ಲಿ ಹಾಳೆಯ ಸಾಲುಗಳ ಎಣಿಕೆಯೂ ಗುಂಟೆಗಳ ಮೊತ್ತವೂ ಭಂಡಾರದವುಗಳೊಡನೆ ತಾಳೆಯಾಗಬೇಕು.

ಈ ಎಣಿಕೆಯ ಬೆಲೆ ಎಷ್ಟೆಂಬುದನ್ನು 2020ರಲ್ಲಿ ಇಂಗ್ಲೆಂಡು ದೇಶವು ಕಂಡಿತು. ಹಳೆಯ ಬಗೆಯ ಎಕ್ಸೆಲ್ ಕಡತದಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಯವು. ಮಿಕ್ಕವು ಸದ್ದಿಲ್ಲದೆ ಉದುರಿದುದರಿಂದ 15,841 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಬರಲಿಲ್ಲ. ಆ ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕಾರ್ಯವೂ ತಡವಾಯಿತು.

ಗೃಹಸ್ಥರು ಪ್ರೋಗ್ರಾಮು ಬರೆಯುವುದನ್ನು ಕಲಿಯಬೇಕೆಂದು ನಾವು ಹೇಳುವುದಿಲ್ಲ. ಆದರೆ ವಿಮೆಯ ಕಂತು ಕಟ್ಟಿದ ದಿನವೇ ರಸೀದಿಯನ್ನು ಪಹಣಿಯೊಡನೆ ಹಿಡಿದು, ಸರ್ವೆ ನಂಬರು, ಹಿಸ್ಸೆ, ಕ್ಷೇತ್ರ, ಖಾತೆಸಂಖ್ಯೆ ಈ ನಾಲ್ಕನ್ನೂ ಓದಿ ನೋಡಲಿ. ಗೊನೆಕೊಯ್ಲಿನ ಮೇಲೆ ಅಡಿಕೆಯನ್ನು ಆರಿಸುವಲ್ಲಿ ತೋರುವ ಎಚ್ಚರದಲ್ಲಿ ಕಿಂಚಿತ್ತನ್ನು ಆ ಕಾಗದಕ್ಕೂ ಸಲ್ಲಿಸಿದರೆ, ತಪ್ಪು ತಿದ್ದುವ ಕಾಲದಲ್ಲಿಯೇ ಕಂಡುಬರುವುದು.