ಗುಂಡ್ಲುಪೇಟೆಗೆ ರೈಲಿಲ್ಲ, ಬಸ್ಸೇ ಗತಿ

1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಅಂದಿನಿಂದ ಗುಂಡ್ಲುಪೇಟೆಯವರ ಜಿಲ್ಲಾ ಕಚೇರಿ ಕೆಲಸಗಳೆಲ್ಲ ಅಲ್ಲೇ. ದಾರಿ ತೆರಕಣಾಂಬಿ ಮೇಲೆ, ಸುಮಾರು 35 ಕಿಲೋಮೀಟರ್. ಚಾಮರಾಜನಗರಕ್ಕೆ ಮೈಸೂರಿನಿಂದ ರೈಲಿದೆ; ಗುಂಡ್ಲುಪೇಟೆಗೆ ಹಳಿಯೇ ಇಲ್ಲ.

ಇತ್ತ ಊಟಿ, ವಯನಾಡಿನ ಹೆದ್ದಾರಿಗಳು ಕವಲೊಡೆಯುವುದು ಗುಂಡ್ಲುಪೇಟೆಯಲ್ಲೇ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ. 2009ರಿಂದ ಇದೆ, ಪ್ರಾಣಿಗಳ ಜೀವಕ್ಕಾಗಿ ಇರಲೇಬೇಕು. ಆದರೆ ಗೇಟು ಮುಚ್ಚುವ ಮುನ್ನ ದಾಟುವ ಧಾವಂತ, ತೆರೆದೊಡನೆ ವಾಹನಗಳ ಸಾಲು. ಕೆಲಸಕ್ಕೆ ಹೊರಟವರ ಬಸ್ಸೂ ಅದರ ನಡುವೆಯೇ ನುಸುಳಬೇಕು.

2023ರ ಶಕ್ತಿ ಯೋಜನೆ ಹೆಂಗಸರ ಟಿಕೆಟ್ ಖರ್ಚು ಉಳಿಸಿತು, ನಿಜ. ಇನ್ನು ರೈಲಿನ ಸಮಯಕ್ಕೆ ಹೊಂದುವ ಬಸ್ಸು ಬೇಕು. ಗೇಟು ತೆರೆಯುವವರೆಗೆ ಲಾರಿಗಳು ಕಾಯಲು ಊರಾಚೆ ಜಾಗ ಬೇಕು.