ದರ ಇಳಿಯಿತು, ಖರ್ಚು ಇಳಿಯಲಿಲ್ಲ

2014ರಲ್ಲಿ ನಮ್ಮ ದೇಶದಲ್ಲಿ 1 ಜಿಬಿ ಮೊಬೈಲ್ ಡೇಟಾಕ್ಕೆ ಸರಾಸರಿ 269 ರೂಪಾಯಿ ಬೀಳುತ್ತಿತ್ತು. 2018ಕ್ಕೆ ಅದು 11 ರೂಪಾಯಿ 78 ಪೈಸೆ. ಇದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೊಟ್ಟ ಲೆಕ್ಕ. ನಡುವೆ, 2016ರ ಸೆಪ್ಟೆಂಬರ್‌ನಲ್ಲಿ, ಜಿಯೊ ಬಂದಿತ್ತು. ಇದೇ ಅವಧಿಯಲ್ಲಿ ಒಬ್ಬೊಬ್ಬರ ತಿಂಗಳ ಬಳಕೆ ಸುಮಾರು 0.27 ಜಿಬಿಯಿಂದ 7.6 ಜಿಬಿಗೆ ಏರಿತು. ಗುಣಿಸಿ ನೋಡಿ: ಆಗ ತಿಂಗಳಿಗೆ 73 ರೂಪಾಯಿ, ಆಮೇಲೆ 90ರ ಆಸುಪಾಸು. ದರ ಇಷ್ಟು ಬಿದ್ದರೂ ಜೇಬಿಗೆ ಉಳಿದದ್ದು ಏನೂ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಆ ಜಿಬಿಗಳೆಲ್ಲ ಎಲ್ಲಿಗೆ ಹೋದವು ಎಂದು ವಿವರಿಸಿ ಹೇಳಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಹೋಟೆಲು, ಬೇಕರಿ ಎಂದು ಬೆಂಗಳೂರು, ಮುಂಬಯಿ, ಹೈದರಾಬಾದ್ ಸೇರಿದವರು, ಗಲ್ಫಿಗೆ ಹೋದವರು ಈ ಅಂಕಿಯ ಹಿಂದೆ ಇದ್ದಾರೆ. ಅವರನ್ನೂ ಊರನ್ನೂ ಜೋಡಿಸಿದ್ದು ಆ ಜಿಬಿಗಳೇ.

"ಹ್ವಾಯ್, ಮಳಿ ಹ್ಯಾಂಗಿತ್ತ್?" ಎಂದು ಶುರುವಾಗುವ ಒಂದು ನಿಮಿಷದ ವಾಯ್ಸ್ ಮೆಸೇಜು ಹೆಚ್ಚೆಂದರೆ ಕಾಲು ಎಂಬಿ. ಹಳೇ ದರದಲ್ಲೂ ಏಳು ಪೈಸೆ ಆಗದು. ಅಂದರೆ ಮಾತು ಮೊದಲಿನಿಂದಲೂ ಅಗ್ಗವೇ. ದುಬಾರಿಯಾಗಿದ್ದದ್ದು ಆಟ, ಅಂದರೆ ಯಕ್ಷಗಾನ. ರಾತ್ರಿ 10ರಿಂದ ಬೆಳಗಿನ 6ರ ತನಕ ಮಂದಾರ್ತಿ ಮೇಳದ ಆಟವೊಂದು ಮೊಬೈಲಿನಲ್ಲಿ ಲೈವ್ ಬಂತು ಅನ್ನಿ. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಅರ್ಧ ಜಿಬಿ ತಿಂದರೂ 8 ಗಂಟೆಗೆ 4 ಜಿಬಿ. 2014ರಲ್ಲಿ ಇದಕ್ಕೆ 1,076 ರೂಪಾಯಿ. ಅಷ್ಟರಲ್ಲಿ ಬೆಂಗಳೂರಿನಿಂದ ಬಸ್ಸು ಹತ್ತಿ ಬಂದು ಗದ್ದೆಯಲ್ಲೇ ಕೂತು ನೋಡಬಹುದಿತ್ತು. 2018ರಲ್ಲಿ 47 ರೂಪಾಯಿ.

ಅಗ್ಗವಾದದ್ದೆಲ್ಲ ಬಾಳುವುದಿಲ್ಲ. 2004ರ ಜನವರಿಯಲ್ಲಿ ಹುಟ್ಟಿದ ಆರ್ಕುಟ್ ಪುಕ್ಕಟೆಯೇ ಆಗಿತ್ತು, ಆದರೂ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೆಳೆಯರೆಲ್ಲ ಫೇಸ್‌ಬುಕ್ಕಿಗೆ ಎದ್ದುಹೋದ ಮೇಲೆ ಅಲ್ಲಿ ಕೂತು ಮಾಡುವುದೇನು? ಅದೇ ವರ್ಷ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪ್ ಕೊಳ್ಳುವುದಾಗಿ ಸಾರಿತು. ಬಳಸುವವರು ಸುಮಾರು 45 ಕೋಟಿ, ತಲೆಗೆ 42 ಡಾಲರ್, ಆಗಿನ ಲೆಕ್ಕದಲ್ಲಿ 2,600 ರೂಪಾಯಿ. ನಡೆಯುವ ಹೋಟೆಲು ಕೊಳ್ಳುವಾಗ ಮೇಜು-ಕುರ್ಚಿಗಿಂತ ಗಿರಾಕಿಗೇ ಹೆಚ್ಚು ಬೆಲೆ ಕಟ್ಟುವುದು ನಮ್ಮ ಹೋಟೆಲಿನವರಿಗೆ ಗೊತ್ತಿದ್ದ ವ್ಯವಹಾರವೇ.

ಊರವರು ಒಟ್ಟಿಗಿದ್ದರೆ ಏನಾದೀತು ಎಂಬುದಕ್ಕೆ ಆಸಾಡಿ ಅಮಾಸಿಯ, ಅಂದರೆ ಆಷಾಢ ಅಮಾವಾಸ್ಯೆಯ, ವಿಶ್ವ ಕುಂದಾಪ್ರ ಕನ್ನಡ ದಿನ ನೋಡಬೇಕು. 2019ರಲ್ಲಿ ಶುರುವಾದ ಈ ಆಚರಣೆ ಪರವೂರುಗಳಿಗೆ ಹಬ್ಬಿದ್ದರಲ್ಲಿ ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಪಾಲು ದೊಡ್ಡದು.

ವಾಟ್ಸ್‌ಆ್ಯಪ್ ಗ್ರೂಪಿನ ಮಿತಿ 2016ರಲ್ಲಿ 256 ಇತ್ತು. 2022ರಲ್ಲಿ ಮೊದಲು 512, ಆಮೇಲೆ 1,024 ಆಯಿತು. ದೇವಸ್ಥಾನದ ಗ್ರೂಪನ್ನು ಒಂದು, ಎರಡು ಎಂದು ಒಡೆಯುವ ಕಾಟ ತಪ್ಪಿತು. ಬೆಳಿಗ್ಗೆ ಬಂದು ಬೀಳುವ ಶುಭೋದಯದ ಹೂವುಗಳಿಗೂ ನಾಲ್ಕು ಪಟ್ಟು ಜಾಗವಾಯಿತು.